ಹ್ಯಾಂಡಲ್ ತಪ್ಪಿಸಿದ ಮನುಷ್ಯ

ಡ್ರೈವರ್ ಅಣ್ಣನ ಬಿಳಿ ಪಿಕಪ್ ನಮ್ಮ ಕ್ಯಾಂಪಿನಲ್ಲಿ ಎಲ್ಲರಿಗೂ ಗೊತ್ತು. ಅಣ್ಣ ಕುಂದಾಪುರ ಕಡೆಯವರು, ಶಾರ್ಜಾಕ್ಕೆ ಬಂದು 22 ವರ್ಷ ಆಯ್ತು. ಗಾಡಿಗೆ 17 ವರ್ಷ. ಬೆಳಗಿನ ಜಾವ 4 ಗಂಟೆಗೆ ತರಕಾರಿ ಮಾರ್ಕೆಟ್ಟಿಗೆ ಹೋಗಿ, ಲೋಡ್ ಮಾಡ್ಕೊಂಡು, ಏಳೆಂಟು ಬಕಾಲಗಳಿಗೆ ಇಳಿಸಿ ಬರೋದು ಅವರ ಕೆಲಸ. ಗಾಡಿ ಒಂದು ದಿನ ನಿಂತರೆ ಆ ದಿನದ ದುಡಿಮೆ ಇಲ್ಲ. ಎರಡು ದಿನ ನಿಂತರೆ ಬಕಾಲದವರು ಬೇರೆ ಗಾಡಿ ಹುಡುಕಿಕೊಳ್ತಾರೆ. ಮಗಳ ಕಾಲೇಜು ಫೀಸು ಆ ಗಾಡಿ ಮೇಲೇ ನಡೀತಿದೆ.

ಕಳೆದ ಬೇಸಿಗೆಯಲ್ಲಿ ಒಂದು ದಿನ ಮೂರೂವರೆ ಗಂಟೆಗೆ ನನ್ನ ಬೆಡ್ ಹತ್ತಿರ ಬಂದು ಎಬ್ಬಿಸಿದರು. ಗಾಡಿ ಸ್ಟಾರ್ಟ್ ಆಗ್ತಿಲ್ಲ, ನೀನು ಕರೆಂಟಿನವನಲ್ವಾ, ಬಂದು ನೋಡು ಅಂದ್ರು. ನಾನು ಕಟ್ಟಡದ ಎಲೆಕ್ಟ್ರಿಷಿಯನ್. ದಾವಣಗೆರೆಯಲ್ಲಿ ಐಟಿಐ ಮುಗಿಸಿ ಬಂದವನು. ಡಿಬಿ ಬಾಕ್ಸು, ಕೇಬಲ್ ಟ್ರೇ, ಪಂಪು, ಪ್ಯಾನೆಲ್ಲು ಇವು ನನ್ನ ಲೋಕ. ಗಾಡಿ ನನ್ನ ವಿಷಯ ಅಲ್ಲ. ಆದ್ರೆ ಕ್ಯಾಂಪಿನಲ್ಲಿ ಈ ಭೇದ ಯಾರು ನೋಡ್ತಾರೆ? ವೈರ್ ಇರೋದೆಲ್ಲ ನಮ್ಮ ತಲೆಗೇ ಬರುತ್ತೆ. ಮಲ್ಟಿಮೀಟರ್ ಹಿಡ್ಕೊಂಡು ಕೆಳಗಿಳಿದೆ.

ಅಣ್ಣ ಕೀ ತಿರುಗಿಸಿದರು. ಟಕ್ ಅಂತ ಒಂದೇ ಒಂದು ಸದ್ದು. ಇಂಜಿನ್ ಅಲ್ಲಾಡಲಿಲ್ಲ. ಇನ್ನೊಂದು ಸಲ, ಮತ್ತೆ ಟಕ್. ಬ್ಯಾಟರಿಗೆ ಮೀಟರ್ ಇಟ್ಟೆ, 12.4 ವೋಲ್ಟ್. ಸ್ವಲ್ಪ ಕಮ್ಮಿ. ಬ್ಯಾಟರಿ ಮೇಲೆ ಬರೆದಿದ್ದ ತಾರೀಖು ನೋಡಿದರೆ ಎರಡು ಬೇಸಿಗೆ ಕಳೆದಿತ್ತು. ಇಲ್ಲಿನ ಬಿಸಿಲಿಗೆ ಬ್ಯಾಟರಿ ಬೇಗ ಸಾಯುತ್ತೆ ಅಂತ ಎಲ್ಲರೂ ಹೇಳ್ತಾರೆ. ನಾನೂ ಅದನ್ನೇ ಹೇಳಿದೆ. ಬ್ಯಾಟರಿ ಹೋಗಿದೆ ಅಣ್ಣ, ಬದಲಾಯಿಸಿ ಅಂದೆ. ಅಂಗಡಿ ತೆಗೆಯೋವರೆಗೆ ಕಾದು 280 ದಿರ್ಹಂ ಕೊಟ್ಟು ಹೊಸದು ತಂದು ಕೂರಿಸಿದ್ವಿ. ಮೀಟರ್ 12.7 ತೋರಿಸ್ತು. ಕೀ ತಿರುಗಿಸಿದ್ರು. ಟಕ್.

ಅಣ್ಣ ಏನೂ ಅನ್ನಲಿಲ್ಲ. ಬೈದಿದ್ರೆ ಪರವಾಗಿರ್ಲಿಲ್ಲ. ಸುಮ್ಮನೆ ಬಾನೆಟ್ ಮುಚ್ಚಿ, ಚಾ ಕುಡಿಯೋಕೆ ಹೋದರು. ಆ ದಿನ ನನಗೆ ರಜೆ. ಬೆಡ್ ಮೇಲೆ ಮಲಗಿ ಮೊಬೈಲಿನಲ್ಲಿ ಸ್ಟಾರ್ಟರ್ ಮೋಟರ್ ಹೇಗೆ ಕೆಲಸ ಮಾಡುತ್ತೆ ಅಂತ ಓದೋಕೆ ಶುರು ಮಾಡಿದೆ. ಓದ್ತಾ ಓದ್ತಾ ಒಬ್ಬ ಮನುಷ್ಯನ ಹೆಸರು ಸಿಕ್ತು. ಚಾರ್ಲ್ಸ್ ಕೆಟರಿಂಗ್. ಐಟಿಐಯಲ್ಲಿ ಫ್ಯಾರಡೆ, ಓಮ್, ಎಡಿಸನ್, ಟೆಸ್ಲಾ ಎಲ್ಲರ ಹೆಸರೂ ಕೇಳಿದ್ದೆ. ಈ ಹೆಸರು ಕೇಳಿರಲಿಲ್ಲ. ಸಂಜೆ ಹೊತ್ತಿಗೆ ಗಾಡಿಯ ರೋಗವೂ ಸಿಕ್ತು, ಅದನ್ನ ಆಮೇಲೆ ಹೇಳ್ತೀನಿ. ಮೊದಲು ಈ ಮನುಷ್ಯನ ಕಥೆ. ಅಲ್ಲಿಂದ ಶುರುವಾದ ಓದು ನಾಲ್ಕೈದು ತಿಂಗಳು ನಡೆದಿದೆ.

ಕೆಟರಿಂಗ್ ಹುಟ್ಟಿದ್ದು 1876ರ ಆಗಸ್ಟ್ 29ಕ್ಕೆ, ಅಮೆರಿಕದ ಓಹಾಯೊ ರಾಜ್ಯದ ಲೌಡನ್‌ವಿಲ್ ಎಂಬ ಊರಿನ ಹತ್ತಿರ ಒಂದು ಹೊಲದ ಮನೆಯಲ್ಲಿ. ಅಪ್ಪ ರೈತ, ಬಡಗಿ ಕೆಲಸವನ್ನೂ ಮಾಡ್ತಿದ್ದವರು. ಐದು ಮಕ್ಕಳಲ್ಲಿ ಇವರೊಬ್ಬರು. ಮನೆಯಲ್ಲಿ ಕಷ್ಟ ಇದ್ದದ್ದಕ್ಕಿಂತ ದೊಡ್ಡ ಕಷ್ಟ ಕಣ್ಣಿನದು. ದೃಷ್ಟಿ ಚಿಕ್ಕಂದಿನಿಂದಲೇ ದುರ್ಬಲ, ಸ್ವಲ್ಪ ಹೊತ್ತು ಓದಿದರೆ ಸಾಕು ತಲೆನೋವು. ಆದರೂ ಶಾಲೆ ಮುಗಿಸಿ, ಹಳ್ಳಿಯಲ್ಲಿ ಮೇಷ್ಟ್ರಾಗಿ ಕೆಲಸ ಮಾಡಿ, ಕಾಲೇಜಿಗೆ ಸೇರಿದರು. ಕಣ್ಣು ಕೈಕೊಟ್ಟಿತು, ಬಿಟ್ಟರು. ಮತ್ತೆ ಓಹಾಯೊ ಸ್ಟೇಟ್ ಯೂನಿವರ್ಸಿಟಿಗೆ ಇಂಜಿನಿಯರಿಂಗ್ ಓದಲು ಸೇರಿದರು. ಮತ್ತೆ ಕಣ್ಣು ಕೈಕೊಟ್ಟಿತು, ಮತ್ತೆ ಬಿಟ್ಟರು.

ಓದು ಬಿಟ್ಟ ಆ ಹುಡುಗ ಸೇರಿದ್ದು ಎಲ್ಲಿಗೆ ಗೊತ್ತಾ? ಟೆಲಿಫೋನ್ ಕಂಬ ನೆಡೋ ಗ್ಯಾಂಗಿಗೆ. ಗುಂಡಿ ತೋಡೋದು, ಕಂಬ ಎತ್ತೋದು, ತಂತಿ ಎಳೆಯೋದು. ಮನಸ್ಸು ಕುಗ್ಗಿ ಹೋಗಿತ್ತಂತೆ, ಜೀವನ ಮುಗಿದೇ ಹೋಯ್ತು ಅನ್ನೋ ಸ್ಥಿತಿ. ಆದ್ರೆ ಬಯಲಿನಲ್ಲಿ ಮೈ ದಣಿದು ಕೆಲಸ ಮಾಡ್ತಾ ಮಾಡ್ತಾ ಮನಸ್ಸು ತಿಳಿಯಾಯ್ತು, ಓದೋದು ಕಮ್ಮಿಯಾದ ಮೇಲೆ ಕಣ್ಣೂ ಸುಧಾರಿಸಿತು. ಗುಂಡಿ ತೋಡೋ ಕೂಲಿಯಿಂದ ಆ ಗ್ಯಾಂಗಿನ ಫೋರ್‌ಮನ್ ಆದರು. ಆಶ್‌ಲ್ಯಾಂಡ್ ಎಂಬ ಊರಿನಲ್ಲಿ ಟೆಲಿಫೋನ್ ಎಕ್ಸ್‌ಚೇಂಜಿನ ಕೆಲಸ ಮಾಡಿದರು. ಮುಂದೆ ಮದುವೆಯಾದ ಆಲಿವ್ ವಿಲಿಯಮ್ಸ್ ಅವರ ಪರಿಚಯ ಆದದ್ದೂ ಆ ಊರಿನಲ್ಲೇ. ನಾನು ಈ ಭಾಗವನ್ನ ಮೂರು ನಾಲ್ಕು ಸಲ ಓದಿದೆ. ನಾವೂ ಇಲ್ಲಿಗೆ ಬಂದ ಹೊಸದರಲ್ಲಿ ಸರ್ಟಿಫಿಕೇಟ್ ಟ್ರಂಕಿನಲ್ಲಿಟ್ಟು ಹೆಲ್ಪರ್ ಕೆಲಸ ಮಾಡಿದವರೇ ಅಲ್ವಾ. ನಾನು ಮೊದಲ ಎಂಟು ತಿಂಗಳು ಗೋಡೆ ಕೊರೆದಿದ್ದು ಬಿಟ್ಟರೆ ಒಂದು ಸ್ವಿಚ್ಚೂ ಕೂರಿಸಿಲ್ಲ.

ಕೆಲಸದ ಅನುಭವ ಆದ ಮೇಲೆ ಕೆಟರಿಂಗ್ ಮತ್ತೆ ಕಾಲೇಜಿಗೆ ಹೋದರು. ಪಾಠದ ಪುಸ್ತಕಗಳನ್ನ ರೂಮ್‌ಮೇಟ್ ಜೋರಾಗಿ ಓದಿ ಹೇಳ್ತಿದ್ರು, ಇವರು ಕಿವಿಯಿಂದ ಕೇಳಿ ಕಲಿತರು. 1904ರಲ್ಲಿ ಎಲೆಕ್ಟ್ರಿಕಲ್ ಇಂಜಿನಿಯರಿಂಗ್ ಡಿಗ್ರಿ ಕೈಗೆ ಬಂದಾಗ ವಯಸ್ಸು 28ರ ಹತ್ತಿರ. ಜೊತೆಯವರಿಗಿಂತ ಐದಾರು ವರ್ಷ ಹಿಂದೆ.

ಅದೇ ವರ್ಷ ಡೇಟನ್ ಊರಿನ ನ್ಯಾಷನಲ್ ಕ್ಯಾಶ್ ರಿಜಿಸ್ಟರ್ ಕಂಪನಿಯಲ್ಲಿ ಕೆಲಸ ಸಿಕ್ಕಿತು. ಅಂಗಡಿ ಗಲ್ಲಾದ ಮೇಲೆ ಇಡ್ತಿದ್ದ ದುಡ್ಡಿನ ಮಿಷನ್ನು ಮಾಡೋ ಕಂಪನಿ. ಆಗ ಆ ಮಿಷನ್ನಿಗೆ ಪಕ್ಕದಲ್ಲಿ ಒಂದು ಹಿಡಿ ಇರುತ್ತಿತ್ತು, ಗಿರಾಕಿ ಬಂದಾಗಲೆಲ್ಲ ತಿರುಗಿಸಬೇಕು. ಅದನ್ನ ಕರೆಂಟಿನಿಂದ ತಿರುಗೋ ಹಾಗೆ ಮಾಡೋದು ಕೆಟರಿಂಗ್ ಅವರಿಗೆ ಕೊಟ್ಟ ಕೆಲಸ. ಮಿಷನ್ ಒಳಗೆ ಜಾಗ ಇರೋದು ಒಂದು ಹಿಡಿಯಷ್ಟು, ಆದ್ರೆ ಗಲ್ಲಾ ತೆರೆಯೋಕೆ ಶಕ್ತಿ ಜಾಸ್ತಿ ಬೇಕು. ಇವರು ಲೆಕ್ಕ ಹಾಕಿದ್ದು ಹೀಗೆ: ಮೋಟರ್ ಇಡೀ ದಿನ ತಿರುಗಬೇಕಾಗಿಲ್ಲ. ಒಂದು ಕ್ಷಣ ತಿರುಗಿ ನಿಂತರೆ ಸಾಕು. ಹಾಗಾಗಿ ಚಿಕ್ಕ ಮೋಟರಿಗೇ ಅದರ ತಾಕತ್ತು ಮೀರಿ ಕರೆಂಟ್ ಕೊಡಬಹುದು. ಬಿಸಿ ಏರೋದ್ರೊಳಗೆ ಕೆಲಸ ಮುಗಿದಿರುತ್ತೆ, ಮುಂದಿನ ಗಿರಾಕಿ ಬರೋದ್ರೊಳಗೆ ತಣ್ಣಗಾಗಿರುತ್ತೆ.

ಇದನ್ನ ಓದಿದಾಗ ನಾನು ಎದ್ದು ಕೂತೆ. ನಮ್ಮ ಐಟಿಐ ಥಿಯರಿಯಲ್ಲಿ ಮೋಟರ್ ಡ್ಯೂಟಿ ಅಂತ ಒಂದು ಪಾಠ ಇತ್ತು. ಸದಾ ತಿರುಗೋ ಮೋಟರಿಗೆ ಎಸ್1, ಸ್ವಲ್ಪ ಹೊತ್ತು ತಿರುಗಿ ತಣ್ಣಗಾಗೋ ಮೋಟರಿಗೆ ಎಸ್2. ನೇಮ್‌ಪ್ಲೇಟಿನಲ್ಲಿ ಬರೆದಿರುತ್ತೆ. ಪರೀಕ್ಷೆಗೆ ಬಾಯಿಪಾಠ ಮಾಡಿ ಮರೆತಿದ್ದೆ. ಆ ಎಸ್2 ಹಿಂದೆ ಇಂಥ ಲೆಕ್ಕಾಚಾರ ಇದೆ ಅಂತ ಮೇಷ್ಟ್ರು ಹೇಳಿದ್ರೋ ಇಲ್ವೋ, ನಾನಂತೂ ಕೇಳಿಸ್ಕೊಂಡಿರಲಿಲ್ಲ.

ಡೇಟನ್ನಿನಲ್ಲೇ ಎಡ್ವರ್ಡ್ ಡೀಡ್ಸ್ ಅಂತ ಕಂಪನಿಯ ಮೇಲಧಿಕಾರಿ ಇದ್ದರು. ಅವರ ಮನೆ ಹಿಂದೆ ಒಂದು ಕೊಟ್ಟಿಗೆ. ರಾತ್ರಿ ಹೊತ್ತು, ರಜೆಯ ದಿನ, ಆ ಕೊಟ್ಟಿಗೆಯಲ್ಲಿ ಕೆಟರಿಂಗ್ ಮತ್ತು ಕಂಪನಿಯ ಕೆಲವು ಗೆಳೆಯರು ಸೇರಿ ಕಾರಿನ ಕೆಲಸ ಶುರು ಮಾಡಿದರು. ಹಗಲು ಡ್ಯೂಟಿ, ರಾತ್ರಿ ಕೊಟ್ಟಿಗೆ. ಮೊದಲು ಮಾಡಿದ್ದು ಇಗ್ನಿಷನ್, ಅಂದರೆ ಬ್ಯಾಟರಿಯಿಂದ ಕಾಯಿಲ್ ಮೂಲಕ ಪ್ಲಗ್ಗಿಗೆ ಕಿಡಿ ಕೊಡೋ ವ್ಯವಸ್ಥೆ. ನಮ್ಮೂರಿನ ಹಳೇ ಅಂಬಾಸಿಡರ್, ಫಿಯಟ್ ಟ್ಯಾಕ್ಸಿಗಳಲ್ಲಿ ಪಾಯಿಂಟು, ಕಂಡೆನ್ಸರು, ಕಾಯಿಲ್ಲು, ಡಿಸ್ಟ್ರಿಬ್ಯೂಟರ್ ಇರ್ತಿತ್ತಲ್ಲ, ಮೆಕ್ಯಾನಿಕ್ಕುಗಳು ಪಾಯಿಂಟಿಗೆ ಸ್ಯಾಂಡ್‌ಪೇಪರ್ ಉಜ್ಜುತ್ತಾ ಕೂರ್ತಿದ್ರಲ್ಲ, ಅದೇ ವಂಶ. ಈಗಲೂ ಆ ವ್ಯವಸ್ಥೆಗೆ ಕೆಟರಿಂಗ್ ಇಗ್ನಿಷನ್ ಅಂತಲೇ ಹೆಸರು. ಕ್ಯಾಡಿಲಾಕ್ ಕಾರು ಕಂಪನಿಯ ಹೆನ್ರಿ ಲೇಲ್ಯಾಂಡ್ ಅದಕ್ಕೆ ಆರ್ಡರ್ ಕೊಟ್ಟರು. 1909ರಲ್ಲಿ ಕೆಟರಿಂಗ್ ನೌಕರಿ ಬಿಟ್ಟು, ಡೀಡ್ಸ್ ಜೊತೆ ಸ್ವಂತ ಕಂಪನಿ ಕಟ್ಟಿದರು. ಡೇಟನ್ ಇಂಜಿನಿಯರಿಂಗ್ ಲ್ಯಾಬೊರೇಟರೀಸ್ ಕಂಪನಿ, ಚಿಕ್ಕದಾಗಿ ಡೆಲ್ಕೊ.

ಇನ್ನು ಸ್ಟಾರ್ಟರ್ ವಿಷಯ. ಆಗಿನ ಕಾಲದ ಕಾರು ಸ್ಟಾರ್ಟ್ ಮಾಡಬೇಕಾದ್ರೆ ಮುಂದೆ ನಿಂತು ಕಬ್ಬಿಣದ ಹ್ಯಾಂಡಲ್ ಹಾಕಿ ತಿರುಗಿಸಬೇಕಿತ್ತು. ನಮ್ಮ ತಲೆಮಾರಿನವರು ಕಾರಿಗೆ ಹ್ಯಾಂಡಲ್ ಹಾಕಿದ್ದು ನೋಡಿರಲಿಕ್ಕಿಲ್ಲ, ಆದರೆ ಊರಲ್ಲಿ ಡೀಸೆಲ್ ಪಂಪ್ ಇಂಜಿನ್ ನೋಡಿರ್ತೀರಿ. ನಮ್ಮ ಚಿಕ್ಕಪ್ಪ ನನಗೆ ಕಲಿಸಿದ ಮೊದಲ ಪಾಠ ಅದೇ. ಹ್ಯಾಂಡಲ್ ಹಿಡಿಯುವಾಗ ಹೆಬ್ಬೆರಳನ್ನ ಸುತ್ತಿ ಹಿಡೀಬೇಡ, ಬೇರೆ ಬೆರಳುಗಳ ಪಕ್ಕದಲ್ಲೇ ಇಟ್ಕೊ. ಇಂಜಿನ್ ಹಿಂದಕ್ಕೆ ಒದ್ದರೆ ಹ್ಯಾಂಡಲ್ ಕೈಯಿಂದ ಜಾರಿ ಹೋಗಬೇಕು, ಬೆರಳನ್ನ ಹಿಡ್ಕೊಂಡು ಹೋಗಬಾರದು. ಚಿಕ್ಕಪ್ಪನ ಬಲಗೈ ಹೆಬ್ಬೆರಳು ಇವತ್ತಿಗೂ ಮಡಚೋಕೆ ಬರಲ್ಲ. ಆಗಿನ ಕಾರುಗಳಲ್ಲೂ ಇದೇ ಕಥೆ. ಕಿಡಿ ಬರೋ ಹೊತ್ತನ್ನ ತಡ ಮಾಡೋ ಲಿವರ್ ಒಂದಿರುತ್ತಿತ್ತು, ಅದನ್ನ ಹಿಂದಕ್ಕೆ ಎಳೆಯೋದು ಮರೆತು ಹ್ಯಾಂಡಲ್ ತಿರುಗಿಸಿದ್ರೆ ಇಂಜಿನ್ ಉಲ್ಟಾ ಒದೆಯುತ್ತೆ. ಮಣಿಕಟ್ಟು ಮುರಿಯೋದು, ದವಡೆ ಮುರಿಯೋದು ಸಾಮಾನ್ಯ. ಲೇಲ್ಯಾಂಡ್ ಅವರ ಸ್ನೇಹಿತರೊಬ್ಬರು ಹ್ಯಾಂಡಲ್ ಏಟಿಗೆ ತೀರಿಕೊಂಡರು, ಆ ದುಃಖದಲ್ಲೇ ಅವರು ಸ್ಟಾರ್ಟರ್ ಮಾಡಿಸಿದರು ಅಂತ ಒಂದು ಕಥೆ ಎಲ್ಲ ಕಡೆ ಬರುತ್ತೆ. ಆದರೆ ಆ ಕಥೆಯ ತಾರೀಖುಗಳು ಒಂದಕ್ಕೊಂದು ಕೂಡಲ್ಲ, ಅದಕ್ಕೇ ನಾನು ಅದನ್ನ ನಂಬಿ ಬರೀತಿಲ್ಲ. ಮುರಿದ ಕೈಗಳೇ ಸಾಕಷ್ಟಿದ್ದವು.

ಕರೆಂಟ್ ಮೋಟರಿನಿಂದ ಇಂಜಿನ್ ತಿರುಗಿಸಬೇಕು ಅನ್ನೋ ಯೋಚನೆ ಬೇರೆಯವರಿಗೂ ಬಂದಿತ್ತು. ಆದ್ರೆ ಪಂಡಿತರು ಲೆಕ್ಕ ಹಾಕಿ, ಅಷ್ಟು ಶಕ್ತಿಯ ಮೋಟರು ಇಂಜಿನ್ನಿನಷ್ಟೇ ದೊಡ್ಡದಾಗುತ್ತೆ, ಬ್ಯಾಟರಿ ಹೊರೋಕೆ ಇನ್ನೊಂದು ಗಾಡಿ ಬೇಕು ಅಂತ ಕೈಬಿಟ್ಟಿದ್ದರು. ಅವರು ಲೆಕ್ಕ ಹಾಕಿದ್ದು ಸದಾ ತಿರುಗೋ ಮೋಟರಿಗೆ. ಕೆಟರಿಂಗ್ ತಲೆಯಲ್ಲಿ ಗಲ್ಲಾ ಪೆಟ್ಟಿಗೆ ಇತ್ತು. ಇಂಜಿನ್ನನ್ನ ಕೆಲವು ಸೆಕೆಂಡ್ ತಿರುಗಿಸಿದರೆ ಆಯ್ತು, ಆಮೇಲೆ ಅದರ ಪಾಡಿಗೆ ಅದು ಓಡುತ್ತೆ.

1911ರ ಫೆಬ್ರವರಿಯಲ್ಲಿ ಅವರ ಸ್ಟಾರ್ಟರ್ ಕ್ಯಾಡಿಲಾಕ್ ಕಾರಿನ ಮೇಲೆ ಕೂತಿತು. 1912ರ ಮಾದರಿಯ ಕ್ಯಾಡಿಲಾಕ್ ಕಾರುಗಳು ಸ್ಟಾರ್ಟರ್ ಸಮೇತವೇ ಮಾರಾಟಕ್ಕೆ ಬಂದವು. ಅದರಲ್ಲಿ ಇನ್ನೊಂದು ಚಾಣಾಕ್ಷತನ ಇದೆ. ಒಂದೇ ಮಿಷನ್ನು ಮೊದಲು 24 ವೋಲ್ಟಿನಲ್ಲಿ ಮೋಟರಾಗಿ ಇಂಜಿನ್ ತಿರುಗಿಸುತ್ತೆ. ಇಂಜಿನ್ ಓಡೋಕೆ ಶುರುವಾದ ಮೇಲೆ ಅದೇ ಮಿಷನ್ನು ಡೈನಮೊ ಆಗಿ 6 ವೋಲ್ಟಿನಲ್ಲಿ ಬ್ಯಾಟರಿ ಚಾರ್ಜ್ ಮಾಡುತ್ತೆ, ದೀಪಗಳಿಗೂ ಕರೆಂಟ್ ಕೊಡುತ್ತೆ. ತೆಗೆದುಕೊಂಡದ್ದನ್ನ ವಾಪಸ್ ತುಂಬೋ ವ್ಯವಸ್ಥೆ ಜೊತೆಗೇ ಇತ್ತು. ಬರೀ ಮೋಟರ್ ಕೂರಿಸಿದ್ದರೆ ಎರಡು ದಿನಕ್ಕೆ ಬ್ಯಾಟರಿ ಖಾಲಿಯಾಗಿ ಮತ್ತೆ ಹ್ಯಾಂಡಲ್ಲೇ ಗತಿ ಆಗ್ತಿತ್ತು. ಪೇಟೆಂಟ್ ಕೈಗೆ ಬಂದಿದ್ದು 1915ರಲ್ಲಿ. ಫೋರ್ಡ್ ಕಂಪನಿ ತನ್ನ ಮಾಡೆಲ್ ಟಿ ಕಾರಿಗೆ ಸ್ಟಾರ್ಟರ್ ಕೊಟ್ಟಿದ್ದು 1919ರಲ್ಲಿ. ಅಷ್ಟು ಹೊತ್ತಿಗೆ ಹೆಂಗಸರು, ವಯಸ್ಸಾದವರು ಒಬ್ಬರೇ ಕಾರು ತಗೊಂಡು ಹೋಗೋದು ಶುರುವಾಗಿತ್ತು.

ಈಗ ಡ್ರೈವರ್ ಅಣ್ಣನ ಗಾಡಿಗೆ ಬರ್ತೀನಿ. ಕೆಟರಿಂಗ್ ಲೆಕ್ಕದಲ್ಲಿ ಒಂದು ಗುಟ್ಟು ಇದೆ, ನನ್ನ ತಪ್ಪು ಇದ್ದದ್ದೂ ಅಲ್ಲೇ. ಚಿಕ್ಕ ಮೋಟರಿಗೆ ಕೆಲವೇ ಸೆಕೆಂಡ್ ಭಾರಿ ಕರೆಂಟ್ ಕೊಡೋದು ಅಂದರೆ, ಕಾರಿನಲ್ಲಿ ಆ ಕರೆಂಟು 100 ಆಂಪಿಯರ್, ಅದಕ್ಕೂ ಮೇಲೆ. ನಾವು ಮನೆಗೆ ಎಳೆಯೋ ಮೇನ್ ಲೈನಿಗಿಂತ ಜಾಸ್ತಿ. ಅಷ್ಟು ಕರೆಂಟ್ ಹರಿಯೋ ದಾರಿಯಲ್ಲಿ 0.04 ಓಮ್ ಅಡ್ಡಿ ಇದ್ದರೂ 100 ಆಂಪಿಯರಿಗೆ ಅಲ್ಲೇ 4 ವೋಲ್ಟ್ ಹೋಯ್ತು. ನಮ್ಮ ಸಾಧಾರಣ ಮೀಟರಿನಲ್ಲಿ 0.04 ಓಮ್ ಕಾಣೋದೇ ಇಲ್ಲ, ಶಾರ್ಟ್ ಅಂತಲೇ ಬೀಪ್ ಹೊಡೆಯುತ್ತೆ. ಗಾಡಿ ಸುಮ್ಮನೆ ನಿಂತಾಗ ಬ್ಯಾಟರಿ ಮೇಲೆ ಮೀಟರ್ ಇಟ್ಟು 12.4 ಅಂತ ಓದಿದ್ದು, ಲೋಡ್ ಇಲ್ಲದ ಲೈನಿಗೆ ಟೆಸ್ಟರ್ ಇಟ್ಟು ಕರೆಂಟ್ ಇದೆ ಅಂದ ಹಾಗೆ. ಊರಲ್ಲಿ ಎಷ್ಟು ಸಲ ನೋಡಿದ್ದೀನಿ, ಟೆಸ್ಟರ್ ಬೆಳಗುತ್ತೆ, ಬೋರ್‌ವೆಲ್ ಮೋಟರ್ ತಿರುಗಲ್ಲ. ಎಲ್ಲೋ ಒಂದು ಜಾಯಿಂಟ್ ಸುಟ್ಟಿರುತ್ತೆ. ನನ್ನದೇ ಕಸುಬಿನ ಪಾಠವನ್ನ ಬಾನೆಟ್ ಕೆಳಗೆ ಮರೆತಿದ್ದೆ.

ಸಂಜೆ ಮತ್ತೆ ಅಣ್ಣನ ಹತ್ತಿರ ಹೋದೆ. ಅಷ್ಟರಲ್ಲಿ ಯಾರೋ ಬಂದು ಸ್ಟಾರ್ಟರ್ ಹೋಗಿದೆ, 600 ದಿರ್ಹಂ ಆಗುತ್ತೆ ಅಂದಿದ್ದರಂತೆ. ಮುಲ್ಕಿಯಾ ರಿನ್ಯೂ ಬೇರೆ ಹತ್ತಿರ ಬಂದಿತ್ತು. ಅಣ್ಣ ಗಾಡಿಯನ್ನ ಸ್ಕ್ರ್ಯಾಪಿಗೆ ಕೊಡೋ ಮಾತಾಡ್ತಿದ್ರು. ಒಂದೇ ಒಂದು ಸಲ ನೋಡ್ತೀನಿ, ದುಡ್ಡು ಖರ್ಚಿಲ್ಲ ಅಂತ ಕೇಳ್ಕೊಂಡೆ.

ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್ ಹಾಕಿಸಿದೆ. ಹೆಡ್‌ಲೈಟ್ ಹಾಕಿ ಕೀ ತಿರುಗಿಸೋಕೆ ಹೇಳಿದೆ. ಟಕ್ ಅಂತು, ಆದ್ರೆ ಲೈಟ್ ಮಂಕಾಗಲಿಲ್ಲ. ಬ್ಯಾಟರಿಯೇ ಸತ್ತಿದ್ದರೆ ಲೈಟ್ ಕುಗ್ಗಬೇಕಿತ್ತು. ಬೆಳಿಗ್ಗೆಯೇ ಈ ಒಂದು ಕೆಲಸ ಮಾಡಿದ್ದರೆ 280 ಉಳೀತಿತ್ತು. ಆಮೇಲೆ ಮೀಟರಿನ ಒಂದು ಕಡ್ಡಿ ಬ್ಯಾಟರಿಯ ನೆಗೆಟಿವ್ ಕಂಬಕ್ಕೆ, ಇನ್ನೊಂದು ಇಂಜಿನ್ ಮೈಯ ಬರೀ ಲೋಹಕ್ಕೆ ಒತ್ತಿ ಹಿಡಿದೆ. ಎರಡರ ನಡುವೆ ಇರೋದು ಒಂದು ದಪ್ಪ ಕೇಬಲ್ ಮಾತ್ರ, ಅಲ್ಲಿ ವೋಲ್ಟೇಜ್ ಹೆಚ್ಚು ಕಮ್ಮಿ ಸೊನ್ನೆ ಇರಬೇಕು, ಕೀ ತಿರುಗಿಸಿದಾಗಲೂ ಅರ್ಧ ವೋಲ್ಟ್ ದಾಟಬಾರದು. ಅಣ್ಣ ಕೀ ತಿರುಗಿಸಿದ್ರು. ಮೀಟರ್ 7 ದಾಟಿತು. ಅಂದ್ರೆ ಬ್ಯಾಟರಿಯಲ್ಲಿದ್ದ ಶಕ್ತಿ ಅರ್ಧಕ್ಕಿಂತ ಹೆಚ್ಚು ಆ ಕೇಬಲ್ಲಿನಲ್ಲೇ ಸಾಯ್ತಿತ್ತು, ಸ್ಟಾರ್ಟರಿಗೆ ಮುಟ್ತಾನೇ ಇರಲಿಲ್ಲ. ಪಕ್ಕದಲ್ಲಿ ನೆಗೆಟಿವ್‌ನಿಂದ ಬಾಡಿಗೆ ಹೋಗೋ ಸಣ್ಣ ವೈರ್ ಮುಟ್ಟಿದರೆ ಬಿಸಿ. ದೊಡ್ಡ ದಾರಿ ಮುಚ್ಚಿತ್ತು, ಕರೆಂಟು ಸಣ್ಣ ದಾರಿ ಹುಡುಕ್ಕೊಂಡು ಹೋಗ್ತಿತ್ತು.

ಖಾತ್ರಿ ಮಾಡ್ಕೊಳ್ಳೋಕೆ ಪಕ್ಕದ ರೂಮಿನವರ ಹತ್ತಿರ ಜಂಪರ್ ಕೇಬಲ್ ತಂದು, ಕಪ್ಪು ತುದಿ ಒಂದನ್ನ ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನ ಇಂಜಿನ್ ಮೇಲಿನ ಬೋಲ್ಟಿಗೆ ಕಚ್ಚಿಸಿದೆ. ಕೆಂಪು ಕೇಬಲ್ ಮುಟ್ಟಲೇ ಇಲ್ಲ. ಕೈ, ಅಂಗಿ ಫ್ಯಾನಿನಿಂದ ದೂರ ಇಟ್ಕೊಂಡು ಕೀ ತಿರುಗಿಸಿ ಅಂದೆ. ಒಂದೇ ಏಟಿಗೆ ಸ್ಟಾರ್ಟ್. ನೋಡ್ತಾ ನಿಂತಿದ್ದ ರಾಯಚೂರಿನ ಹುಡುಗ ಸಿಳ್ಳೆ ಹೊಡೆದ. ಹಳೇ ಕೇಬಲ್ ಬಿಚ್ಚಿ ತುದಿಯ ರಬ್ಬರ್ ಸೀಳಿದೆ. ಒಳಗೆ ತಾಮ್ರದ ಎಳೆಗಳು ಹಸಿರು ಪುಡಿಯಾಗಿದ್ದವು. ಹೊರಗಿಂದ ನೋಡಿದರೆ ಹೊಸದರ ಹಾಗೇ ಇತ್ತು. ಹೊಸ ಕೇಬಲ್ಲಿಗೆ 25 ದಿರ್ಹಂ. ಕೂರಿಸೋ ಮುಂಚೆ ಇಂಜಿನ್ ಬೋಲ್ಟಿನ ಜಾಗವನ್ನ ಸ್ಯಾಂಡ್‌ಪೇಪರ್ ಹಾಕಿ ಹೊಳೆಯೋವರೆಗೆ ಉಜ್ಜಿದೆ. ಅಂದಹಾಗೆ, ನಿಮ್ಮ ಗಾಡಿ ಸ್ಟಾರ್ಟ್ ಆಗದಿದ್ದಾಗ ಕೀ ಹಿಡ್ಕೊಂಡೇ ಇರಬೇಡಿ. ಹತ್ತು ಸೆಕೆಂಡ್ ನೋಡಿ, ಬಿಟ್ಟು, ಅರ್ಧ ನಿಮಿಷ ಕಾಯಿರಿ. ಆ ಮೋಟರ್ ಹುಟ್ಟಿದ್ದೇ ಕೆಲವು ಸೆಕೆಂಡಿನ ಕೆಲಸಕ್ಕೆ.

ಇಲ್ಲಿಗೆ ನಿಲ್ಲಿಸಿದ್ದರೆ ಕೆಟರಿಂಗ್ ಅವರ ಜೀವನ ಚೆನ್ನಾಗಿ ಕಾಣುತ್ತೆ. ಆದ್ರೆ ಮುಂದೆ ಓದಿದಾಗ ನನಗೆ ಬೇಜಾರಾಯ್ತು, ಅದನ್ನ ಮುಚ್ಚಿಟ್ಟು ಬರೆಯೋಕೆ ಮನಸ್ಸಿಲ್ಲ.

ಒಳ್ಳೇದನ್ನ ಮೊದಲು ಹೇಳ್ತೀನಿ. ಕರೆಂಟ್ ಲೈನ್ ಮುಟ್ಟದ ಹಳ್ಳಿ ಮನೆಗಳಿಗಾಗಿ ಡೆಲ್ಕೊ ಲೈಟ್ ಅಂತ ಒಂದು ಸಣ್ಣ ಪ್ಲಾಂಟ್ ಮಾಡಿದರು. ಚಿಕ್ಕ ಇಂಜಿನ್, ಜನರೇಟರ್, ಗಾಜಿನ ಜಾಡಿಯ ಬ್ಯಾಟರಿಗಳು, 32 ವೋಲ್ಟ್. ಹೊಲದ ಮನೆಯಲ್ಲಿ ಹುಟ್ಟಿ, ಕಣ್ಣು ನೋಯಿಸ್ಕೊಂಡು ಓದಿದವರು ಮಾಡಬೇಕಾದ ಕೆಲಸವೇ ಅದು. ಆಮೇಲೆ ಡೆಲ್ಕೊ ಕಂಪನಿ ಜನರಲ್ ಮೋಟರ್ಸ್ ಪಾಲಾಯ್ತು. ಕೆಟರಿಂಗ್ 1920ರಿಂದ 1947ರವರೆಗೆ ಅಲ್ಲಿನ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದರು. ನೀರಿಲ್ಲದೆ ತಾಮ್ರದ ರೆಕ್ಕೆಗಳಿಂದ ಗಾಳಿಗೇ ತಣ್ಣಗಾಗೋ ಇಂಜಿನ್ ಮಾಡಲು ಹೋಗಿ, 1923ರಲ್ಲಿ ಅದು ಬಿಸಿಯಾಗಿ ಕೆಟ್ಟು, ಮಾರಿದ ಕಾರುಗಳನ್ನೆಲ್ಲ ಕಂಪನಿ ವಾಪಸ್ ತರಿಸಬೇಕಾಯ್ತು. ಕೆಲಸ ಬಿಡ್ತೀನಿ ಅಂತ ಪತ್ರ ಬರೆದರು, ಅಧ್ಯಕ್ಷರಾಗಿದ್ದ ಆಲ್‌ಫ್ರೆಡ್ ಸ್ಲೋನ್ ಬಿಡಲಿಲ್ಲ. ಇವರ ತಂಡ ಮಾಡಿದ ಡೀಸೆಲ್ ಇಂಜಿನ್ 1930ರ ದಶಕದಲ್ಲಿ ಅಮೆರಿಕದ ರೈಲುಗಳನ್ನ ಎಳೆಯಿತು. ಇವರ ಹೆಸರಲ್ಲಿ 180ಕ್ಕೂ ಹೆಚ್ಚು ಪೇಟೆಂಟುಗಳಿವೆ.

ಬೇಜಾರಿನ ವಿಷಯ ಸೀಸದ್ದು. ಅದೂ ಶುರುವಾದದ್ದು ಒಂದು ರೋಗ ಹುಡುಕೋ ಕೆಲಸದಿಂದಲೇ. ಆಗಿನ ಇಂಜಿನ್ನುಗಳು ಏರು ಹತ್ತುವಾಗ ಟಣ ಟಣ ಅಂತ ಬಡ್ಕೊಳ್ತಿದ್ದವು, ನಾಕಿಂಗ್ ಅಂತಾರೆ. ಜನ ಡೆಲ್ಕೊದ ಬ್ಯಾಟರಿ ಇಗ್ನಿಷನ್ ಬಂದ ಮೇಲೇ ಹೀಗಾಯ್ತು ಅಂತ ಕೆಟರಿಂಗ್ ಅವರನ್ನ ದೂರಿದರು. ತಪ್ಪು ತಮ್ಮ ಕಿಡಿಯದ್ದಲ್ಲ, ಪೆಟ್ರೋಲಿನದ್ದು ಅಂತ ತೋರಿಸೋಕೆ ಥಾಮಸ್ ಮಿಜ್ಲಿ ಎಂಬ ಯುವಕನನ್ನ ಹಚ್ಚಿದರು. ತಪ್ಪು ಪೆಟ್ರೋಲಿನದ್ದೇ ಅಂತ ಗೊತ್ತಾಯ್ತು. ಬೆರಕೆಗೆ ಏನು ಹಾಕಿದರೆ ಸರಿಹೋಗುತ್ತೆ ಅಂತ ನೂರಾರು ವಸ್ತು ಹಾಕಿ ನೋಡಿ, 1921ರ ಡಿಸೆಂಬರಿನಲ್ಲಿ ಸಿಕ್ಕಿದ್ದು ಟೆಟ್ರಾಈಥೈಲ್ ಲೆಡ್, ಅಂದರೆ ಸೀಸ ಕೂಡಿದ ಒಂದು ದ್ರವ. ಆಲ್ಕೋಹಾಲ್ ಬೆರೆಸಿದರೂ ನಾಕಿಂಗ್ ಕಮ್ಮಿಯಾಗುತ್ತೆ ಅಂತ ಇವರಿಬ್ಬರಿಗೂ ಗೊತ್ತಿತ್ತು. ಆದ್ರೆ ಸೀಸದ್ದು ಒಂದು ಚಮಚದಷ್ಟು ಸಾಕು, ಅಗ್ಗ, ಪೇಟೆಂಟೂ ಕೈಯಲ್ಲಿರುತ್ತೆ. ಅದನ್ನ ಮಾರೋಕೆ 1924ರಲ್ಲಿ ಈಥೈಲ್ ಅಂತ ಕಂಪನಿ ಆಯ್ತು, ಕೆಟರಿಂಗ್ ಅದರ ಅಧ್ಯಕ್ಷರು. ಕಂಪನಿಯ ಹೆಸರಿನಲ್ಲಿ ಸೀಸ ಅನ್ನೋ ಪದವೇ ಇಲ್ಲ, ಗಮನಿಸಿ.

ಸೀಸ ವಿಷ ಅನ್ನೋದು ಹೊಸ ವಿಷಯ ಆಗಿರಲಿಲ್ಲ. ಮಿಜ್ಲಿಯೇ 1923ರಲ್ಲಿ ಅದರಿಂದ ಕಾಯಿಲೆ ಬಿದ್ದು ಕೆಲಸ ಬಿಟ್ಟು ವಿಶ್ರಾಂತಿ ತಗೊಂಡಿದ್ದರು. ಡೇಟನ್ನಿನಲ್ಲೇ ಅದನ್ನ ತಯಾರಿಸ್ತಿದ್ದ ಕಾರ್ಮಿಕರು ಸತ್ತರು. 1924ರ ಅಕ್ಟೋಬರಿನಲ್ಲಿ ನ್ಯೂಜೆರ್ಸಿ ರಾಜ್ಯದ ಬೇವೇ ಎಂಬಲ್ಲಿ, ಕೆಲವೇ ದಿನಗಳಲ್ಲಿ ಐದು ಜನ ಕಾರ್ಮಿಕರು ತೀರಿಕೊಂಡರು. 30ಕ್ಕೂ ಹೆಚ್ಚು ಮಂದಿ ಆಸ್ಪತ್ರೆ ಸೇರಿದರು. ಸೀಸ ಮೆದುಳಿಗೆ ಹತ್ತಿ, ಇಲ್ಲದ್ದು ಕಂಡು ಕಿರುಚಾಡಿ, ಕಟ್ಟಿಹಾಕಿಸಿಕೊಂಡು ಸತ್ತರು. ಅದೇ ತಿಂಗಳ ಕೊನೆಯಲ್ಲಿ ಮಿಜ್ಲಿ ಪತ್ರಿಕೆಯವರ ಮುಂದೆ ಆ ದ್ರವದಲ್ಲಿ ಕೈ ತೊಳೆದು, ಏನೂ ಆಗಲ್ಲ ಅಂತ ತೋರಿಸಿದರು. ಮಾರಾಟ ಸ್ವಲ್ಪ ಕಾಲ ನಿಂತು, 1926ರಲ್ಲಿ ಮತ್ತೆ ಶುರುವಾಯ್ತು. ಕಾರ್ಖಾನೆಯಲ್ಲಿ ಎಚ್ಚರಿಕೆ ಕ್ರಮ ಹೆಚ್ಚಿತು ನಿಜ. ಆದರೆ ಆಮೇಲೆ ಆ ಸೀಸ ಸೈಲೆನ್ಸರುಗಳಿಂದ ಹೊರಬಂದು ಪ್ರಪಂಚದ ಗಾಳಿಯಲ್ಲೆಲ್ಲ ಸೇರಿತು, ಮಕ್ಕಳ ರಕ್ತಕ್ಕೂ ಸೇರಿತು. ನಮ್ಮ ದೇಶದಲ್ಲಿ ಸೀಸದ ಪೆಟ್ರೋಲ್ ಪೂರ್ತಿ ನಿಂತದ್ದು 2000ನೇ ಇಸವಿಯಲ್ಲಿ. ನಾನು ಹುಟ್ಟಿದಾಗ ದಾವಣಗೆರೆ ಬಸ್ ಸ್ಟ್ಯಾಂಡಿನ ಮುಂದಿನ ಆಟೋಗಳೆಲ್ಲ ಅದನ್ನೇ ಕುಡೀತಿದ್ದವು. ಜಗತ್ತಿನಲ್ಲಿ ಕೊನೆಗೆ ನಿಲ್ಲಿಸಿದ ದೇಶ ಅಲ್ಜೀರಿಯಾ, 2021ರಲ್ಲಿ. ಈಗ ಊರಿನ ಬಂಕುಗಳಲ್ಲಿ ಹಾಕ್ತಿರೋದು ಎಥನಾಲ್ ಬೆರೆಸಿದ ಪೆಟ್ರೋಲು, ಅಂದರೆ ಅದೇ ಆಲ್ಕೋಹಾಲು.

ಸತ್ತ ಆ ಐದು ಜನರ ಬಗ್ಗೆ ನಾನು ತುಂಬಾ ಯೋಚನೆ ಮಾಡಿದೆ. ನಮ್ಮಲ್ಲಿ ಎಷ್ಟೋ ಜನ ಪೇಂಟ್ ಬೂತಿನಲ್ಲಿ, ಕೆಮಿಕಲ್ ಸ್ಟೋರಿನಲ್ಲಿ, ಬ್ಯಾಟರಿ ಅಂಗಡಿಯಲ್ಲಿ ಕೆಲಸ ಮಾಡ್ತೀವಿ. ಡ್ರಮ್ಮಿನ ಮೇಲೆ ಏನು ಬರೆದಿದೆ ಅಂತ ಎಷ್ಟು ಜನ ಓದ್ತೀವಿ? ಹ್ಯಾಂಡಲ್ ಏಟಿನಿಂದ ಸಾವಿರಾರು ಕೈಗಳನ್ನ ಉಳಿಸಿದವರು, ಒಂದು ಕಾಲದಲ್ಲಿ ತಾವೇ ಗುಂಡಿ ತೋಡಿದವರು, ಈ ವಿಷಯದಲ್ಲಿ ಕಾರ್ಮಿಕನ ಪಕ್ಕ ನಿಲ್ಲಲಿಲ್ಲ. ಅವರ ಪ್ರಯೋಗಶಾಲೆಯೇ 1930ರ ಹೊತ್ತಿಗೆ ಹೊರತಂದ ಫ್ರಿಯಾನ್ ಗ್ಯಾಸಿನದ್ದೂ ಹೆಚ್ಚುಕಮ್ಮಿ ಇದೇ ಕಥೆ, ಆದರೆ ಅದು ಓಜೋನ್ ಪದರಕ್ಕೆ ತೂತು ಹಾಕುತ್ತೆ ಅಂತ ಆಗ ಯಾರಿಗೂ ಗೊತ್ತಿರಲಿಲ್ಲ. ಸೀಸದ ವಿಷಯದಲ್ಲಿ ಆ ಮಾತು ಹೇಳೋ ಹಾಗಿಲ್ಲ. ಆಸ್ಪತ್ರೆಯ ಲೆಕ್ಕ ಕಣ್ಣ ಮುಂದೇ ಇತ್ತು.

1945ರಲ್ಲಿ ಕೆಟರಿಂಗ್ ಮತ್ತು ಸ್ಲೋನ್ ಇಬ್ಬರ ಹೆಸರಿನಲ್ಲಿ ನ್ಯೂಯಾರ್ಕಿನಲ್ಲಿ ಕ್ಯಾನ್ಸರ್ ಸಂಶೋಧನಾ ಸಂಸ್ಥೆ ಶುರುವಾಯ್ತು. ಮರುವರ್ಷವೇ ಹೆಂಡತಿ ಆಲಿವ್ ಕ್ಯಾನ್ಸರಿನಿಂದ ತೀರಿಕೊಂಡರು. 1947ರಲ್ಲಿ ಕೆಲಸದಿಂದ ನಿವೃತ್ತಿ. ಡೇಟನ್ ಪಕ್ಕದ ಒಂದು ಊರಿಗೆ ಅವರು ಬದುಕಿರುವಾಗಲೇ ಕೆಟರಿಂಗ್ ಅಂತ ಹೆಸರಿಟ್ಟರು. 1958ರ ನವೆಂಬರಿನಲ್ಲಿ, 82ನೇ ವಯಸ್ಸಿನಲ್ಲಿ, ಡೇಟನ್ನಿನಲ್ಲೇ ತೀರಿಕೊಂಡರು.

ಡ್ರೈವರ್ ಅಣ್ಣನ ಗಾಡಿ ಮುಲ್ಕಿಯಾ ಟೆಸ್ಟ್ ಪಾಸಾಯ್ತು. ಬ್ಯಾಟರಿಯ 280 ದಿರ್ಹಮಿನಲ್ಲಿ ಅರ್ಧ ನಾನು ಕೊಡ್ತೀನಿ ಅಂತ ಎರಡು ಸಲ ಹೋದೆ, ತಗೊಳ್ಳಲಿಲ್ಲ. ಹೇಗೂ ಮುಂದಿನ ಬೇಸಿಗೆಗೆ ಬದಲಾಯಿಸಲೇಬೇಕಿತ್ತು ಬಿಡು ಅಂದರು. ಈಗ ಕ್ಯಾಂಪಿನಲ್ಲಿ ಯಾರದ್ದಾದ್ರೂ ಗಾಡಿ ಟಕ್ ಅಂದರೆ ನನ್ನನ್ನೇ ಕರೀತಾರೆ. ಮೊದಲು ಹೆಡ್‌ಲೈಟ್ ಹಾಕಿಸ್ತೀನಿ.